ಒಣಗಿದ ಕಾಡನ್ನು ಮೊದಲು ನೋಡು

ಮಗಾ, ಬರುವ ಭಾನುವಾರ ಗೆಳೆಯರನ್ನೆಲ್ಲ ಕಟ್ಟಿಕೊಂಡು ದೇವರಾಯನದುರ್ಗ ಹತ್ತುತ್ತೀಯಂತೆ, ನಿನ್ನಮ್ಮ ಫೋನಿನಲ್ಲಿ ಹೇಳಿದಳು. ‘ಈಗ ಅಲ್ಲೇನಿದೆ ಅಕ್ಕಾ, ಎಲ್ಲಾ ಒಣಗಿ ಹೋಗಿದೆ, ಮಳೆ ಬಿದ್ದ ಮೇಲೆ ಹೋಗೋ ಅಂದ್ರೆ ಕೇಳಲ್ಲ’ ಅಂತ ದೂರಿದಳು. ಈ ವಿಷಯದಲ್ಲಿ ನಿನ್ನ ದೊಡ್ಡಮ್ಮ ನಿನ್ನ ಪಕ್ಷ. ಈಗಲೇ ಹೋಗು. ಶಿವರಾತ್ರಿ ಕಳೆದು ಹೋಳಿ ಹುಣ್ಣಿಮೆ ಹತ್ತಿರವಾಗುವ ಈ ದಿನಗಳಲ್ಲೇ, ಕೊಂಬೆಯಲ್ಲಿ ಎಲೆ ಇಲ್ಲದ ಹೊತ್ತಿನಲ್ಲೇ, ನಮ್ಮ ಕಾಡಿನ ಮೊದಲ ಪರಿಚಯ ಆಗಬೇಕು. ಹಸಿರಾಗಿದ್ದಾಗ ಯಾವ ಕಾಡನ್ನಾದರೂ ಮೆಚ್ಚಬಹುದು. ಒಣಗಿದ್ದಾಗ ನೋಡಿ ಮೆಚ್ಚಿದವನಿಗೆ ಅದರ ಬಾಳ್ವೆ ಗೊತ್ತಾಗುತ್ತದೆ.

ನಮ್ಮ ಬಯಲುಸೀಮೆಯ ಹುಡುಗರಿಗೆ ಕಾಡು ಅಂದರೆ ಸಕಲೇಶಪುರ, ಬೆಟ್ಟ ಅಂದರೆ ಮುಳ್ಳಯ್ಯನಗಿರಿ. ಶುಕ್ರವಾರ ರಾತ್ರಿ ಬಸ್ ಹತ್ತಿ, ಮಂಜು ನೋಡಿ, ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರು. ಹೋಗಿಬನ್ನಿ, ಬೇಡ ಅನ್ನುವುದಿಲ್ಲ. ಆದರೆ ಅಲ್ಲಿಂದ ಬಂದವರು ಊರಿನ ಗುಡ್ಡ ನೋಡಿ ‘ಬರೀ ಮುಳ್ಳು, ಬರೀ ಕಲ್ಲು’ ಅಂದಾಗ ನನ್ನ ಕರುಳು ಚುರ್ ಅನ್ನುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮ ತುಮಕೂರು ಜಿಲ್ಲೆಗೆ ಅದರ ಹತ್ತರಲ್ಲಿ ಒಂದು ಪಾಲು ಬಿದ್ದರೆ ಅದೇ ಪುಣ್ಯ. ಅಷ್ಟರಲ್ಲೇ ವರ್ಷ ದೂಡಲು ಇಲ್ಲಿನ ಗಿಡಮರ ಕಲಿತ ವಿದ್ಯೆ ಸಣ್ಣದಲ್ಲ. ಎಲೆ ಇದ್ದಷ್ಟು ಕಾಲ ಅದರ ಸಣ್ಣ ಸಣ್ಣ ರಂಧ್ರಗಳಿಂದ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ. ಬೇರಿಗೆ ತೇವ ಸಿಗದ ತಿಂಗಳುಗಳಲ್ಲೂ ಎಲೆ ಹೊತ್ತು ನಿಂತರೆ ಮರ ಉಳಿಯುವುದಿಲ್ಲ. ಅದಕ್ಕೇ ಎಲೆಯಲ್ಲಿರುವ ಸತ್ವವನ್ನು ಕೊಂಬೆಗೆ ಎಳೆದುಕೊಂಡು, ಬರಿದಾದ ಎಲೆಯನ್ನು ಕಳಚಿ ಬೀಳಿಸುತ್ತದೆ. ಲೆಕ್ಕ ಬಲ್ಲ ಮನೆಯೊಡತಿ ಬೇಸಿಗೆಗೆ ಮುಂಚೆ ಕಣಜದ ಬಾಯಿ ಮುಚ್ಚುವ ಹಾಗೆ. ಆ ಬೋಳು ಮರದ ತೊಗಟೆಯನ್ನು ಉಗುರಿನಿಂದ ಒಂಚೂರು ಕೆರೆದರೆ ಒಳಗೆ ಹಸಿರು ಕಾಣುತ್ತದೆ. ಕೆರೆಯಬೇಡ, ನನ್ನ ಮಾತು ನಂಬಿದರೆ ಸಾಕು.

ದುರ್ಗ ತುಮಕೂರಿನಿಂದ ಹದಿನೈದು ಕಿಲೋಮೀಟರ್ ಆಸುಪಾಸು, ಬೆಂಗಳೂರಿನಿಂದ ಬರುವ ನಿನ್ನ ಗೆಳೆಯರಿಗೂ ಅರ್ಧ ದಿನದ ದಾರಿಯಲ್ಲ. ಬಿಸಿಲೇರುವ ಮೊದಲೇ ನಾಮದ ಚಿಲುಮೆಯಲ್ಲಿರಿ. ನಾನು ಹೇಳುವ ನಡಿಗೆ ಉದ್ದದ್ದಲ್ಲ, ಕಾಡಿನೊಳಗೆ ನುಗ್ಗುವ ಅಗತ್ಯವೂ ಇಲ್ಲ. ಇದು ಮೀಸಲು ಅರಣ್ಯ, ಅನುಮತಿ ಇಲ್ಲದೆ ಒಳಗೆ ಅಲೆಯಬಾರದು. ಕರಡಿ, ಚಿರತೆ ಇರುವ ಜಾಗ ಬೇರೆ. ಚಿಲುಮೆಯ ಸುತ್ತಮುತ್ತ, ಆಮೇಲೆ ಬೆಟ್ಟದ ರಸ್ತೆಯ ಬದಿ, ಕೊನೆಗೆ ಭೋಗಾನರಸಿಂಹನ ಗುಡಿಯಿಂದ ಮೇಲಿನ ಯೋಗಾನರಸಿಂಹನ ಗುಡಿಗೆ ಹತ್ತುವ ಮೆಟ್ಟಿಲು, ಇಷ್ಟೇ. ಇಷ್ಟರಲ್ಲೇ ನೀರಿನ ಮಗ್ಗುಲು, ಎಲೆ ಉದುರುವ ಇಳಿಜಾರು, ಕುರುಚಲು, ಬರೀ ಬಂಡೆ ಎಲ್ಲವೂ ನಿನ್ನ ಕಾಲಡಿಗೆ ಬರುತ್ತವೆ. ಒಂದರಲ್ಲಿ ಬೆಳೆದದ್ದು ಇನ್ನೊಂದರಲ್ಲಿ ಸಾಮಾನ್ಯವಾಗಿ ಬೆಳೆಯದು. ತುದಿ ಮುಟ್ಟಲು ಎಷ್ಟು ನಿಮಿಷ ಹಿಡಿಯಿತು ಅಂತ ಗಡಿಯಾರ ನೋಡಬೇಡಿ. ನೆಲ ಬದಲಾದ ಕಡೆಯಲ್ಲೆಲ್ಲ ನಿಲ್ಲಿ, ಸುತ್ತ ನೋಡಿ, ಆಮೇಲೆ ಮುಂದೆ ಹೆಜ್ಜೆ ಇಡಿ.

ಚಿಲುಮೆಯ ಕಥೆ ನಿನಗೆ ಗೊತ್ತು. ನಾಮ ಇಟ್ಟುಕೊಳ್ಳಲು ನೀರು ಬೇಕಾಗಿ ರಾಮ ಬಂಡೆಗೆ ಬಾಣ ಬಿಟ್ಟನಂತೆ, ನೀರು ಚಿಮ್ಮಿತಂತೆ. ಕೈಮುಗಿದು ಫೋಟೋ ತೆಗೆದು ಹೊರಟುಬಿಡಬೇಡ. ಸುತ್ತ ಎಲ್ಲ ಒಣಗಿರುವಾಗ ಬಂಡೆಯ ಸಂದಿಯಲ್ಲಿ ನೀರು ಎಲ್ಲಿಂದ ಬಂತು ಅಂತ ಯೋಚಿಸು. ಅದು ಕಳೆದ ಮಳೆಗಾಲದ ನೀರು. ಗುಡ್ಡದ ಮೇಲೆ ಬಿದ್ದ ಹನಿ ಓಡಿ ಹೋಗದಂತೆ ತರಗೆಲೆಯ ಹಾಸು ತಡೆಯಿತು, ಹುಲ್ಲಿನ ಬೇರು ಅದನ್ನು ಮಣ್ಣಿಗಿಳಿಸಿತು, ಮಣ್ಣು ನಿಧಾನವಾಗಿ ಬಂಡೆಯ ಬಿರುಕಿಗೆ ದಾಟಿಸಿತು. ಇದೇ ಬೆಟ್ಟದ ಮೈಯಲ್ಲಿ ಹೀಗೆ ಹುಟ್ಟಿದ ಎರಡು ಹೊಳೆಗಳು ಬೇರೆ ಬೇರೆ ದಿಕ್ಕು ಹಿಡಿದಿವೆ. ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿ ಸೇರುತ್ತದೆ, ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿ ಸೇರುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿಗಾಗಿ 2007ರಲ್ಲಿ 798 ಎಕರೆ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಅಂತ ಘೋಷಿಸಿದರಲ್ಲ, ಅದಕ್ಕಿರುವುದು ಈ ಜಯಮಂಗಲಿಯ ಹೆಸರೇ. ಅಲ್ಲಿಯೂ ಹೊರಗಿನವರ ಕಣ್ಣಿಗೆ ಕಾಣುವುದು ಒಣ ಹುಲ್ಲು ಮಾತ್ರ. ಆ ಹುಲ್ಲಿನಲ್ಲಿ ಜಿಂಕೆಗಿಂತ ಚೆಲುವಾದ ಪ್ರಾಣಿಗಳ ಹಿಂಡು ಬದುಕುತ್ತಿದೆ.

ಚಿಲುಮೆ ಬಿಟ್ಟು ಬೆಟ್ಟದ ರಸ್ತೆ ಹಿಡಿದ ಮೇಲೆ ಮೊದಲು ಮೂಗಿಗೆ ಕೆಲಸ ಕೊಡು. ಜಾಲಾರಿ ಹೂ ಬಿಡುವ ಕಾಲ ಇದು. ಮರದ ತುಂಬ ಕೆನೆ ಬಣ್ಣದ ಸಣ್ಣ ಹೂಗಳ ಗೊಂಚಲು, ಎಸಳುಗಳು ಒಂದಿಷ್ಟು ತಿರುಚಿಕೊಂಡಿರುತ್ತವೆ. ಒಂದು ಮರ ಅರಳಿದರೆ ರಸ್ತೆಯ ತಿರುವಿಗೆಲ್ಲ ಪರಿಮಳ, ಮರದ ಕೆಳಗೆ ನಿಂತರೆ ಜೇನಿನ ಮೊರೆತ. ಉತ್ತರ ಭಾರತದ ಸಾಲವೃಕ್ಷ ಇದರ ಹತ್ತಿರದ ನೆಂಟ. ನಮ್ಮ ಪಶ್ಚಿಮಘಟ್ಟದ ಮಳೆಕಾಡಿನಲ್ಲಿ ಮುಗಿಲಿಗೆ ಬೆಳೆಯುವ ಧೂಪದ ಮರವೂ ಇದರ ಕುಟುಂಬದ್ದೇ. ಆ ಕುಟುಂಬದ ಬಹುಪಾಲು ಮರಗಳು ಮಳೆ ಸುರಿಯುವ ಸೀಮೆಯಲ್ಲಿ ಉಳಿದಿರುವಾಗ, ಇದೊಂದು ನಮ್ಮ ಕಲ್ಲುಗುಡ್ಡಗಳಲ್ಲಿ ಸಂಸಾರ ಹೂಡಿತು. ಹಿಂದೆ ಮೈಸೂರು ಸೀಮೆಯಲ್ಲಿ ಅರಗಿನ ಹುಳು ಸಾಕುತ್ತಿದ್ದದ್ದು ಹೆಚ್ಚಾಗಿ ಜಾಲಾರಿಯ ಕೊಂಬೆಗಳ ಮೇಲೆ.

ಹೂವಿನ ಆಮೇಲಿನ ಕೆಲಸ ಇನ್ನೂ ಸೋಜಿಗದ್ದು. ಕಾಯಿಗೆ ರೆಕ್ಕೆ ಬರುತ್ತದೆ, ಬೇಸಿಗೆಯ ಕೊನೆಯ ಗಾಳಿಗೆ ಗಿರ್ರನೆ ಸುತ್ತುತ್ತ ಇಳಿಯುತ್ತದೆ. ಜಾಲಾರಿಯ ಬೀಜ ರಾಗಿಯಂತೆ ಒಣಗಿಸಿ ಎತ್ತಿಡುವ ಬೀಜ ಅಲ್ಲ, ಅದರ ಆಯುಸ್ಸು ಬಹಳ ಕಡಿಮೆ. ನೆಲ ಮುಟ್ಟಿದ ಕೆಲವೇ ದಿನಗಳಲ್ಲಿ ತೇವ ಸಿಗಬೇಕು, ಇಲ್ಲದಿದ್ದರೆ ಮೊಳಕೆಯ ಆಸೆ ಬಿಡಬೇಕು. ಮುಂಗಾರು ಬರುವ ಹೊತ್ತಿಗೆ ಬೀಜ ಬೀಳಬೇಕಾದರೆ ಕಾಯಿ ಮಾಗುವುದು ಯಾವಾಗ, ಅದಕ್ಕೆ ಹೂ ಬಿಡುವುದು ಯಾವಾಗ, ಹಿಂದಕ್ಕೆ ಲೆಕ್ಕ ಹಾಕುತ್ತಾ ಬಾ. ಈ ಉರಿಬಿಸಿಲಿಗೇ ಬಂದು ನಿಲ್ಲುತ್ತೀಯ. ‘ಎಲ್ಲಾ ಒಣಗಿದೆ’ ಅಂತ ನಾವು ಅನ್ನುವ ಹೊತ್ತಿನಲ್ಲೇ ಈ ಕಾಡು ತನ್ನ ವರ್ಷದ ಅತಿ ದೊಡ್ಡ ಕೆಲಸಕ್ಕೆ ಕೈ ಹಾಕಿರುತ್ತದೆ. ಮುತ್ತುಗ ನೋಡು, ಬಂಡೆಗಳ ನಡುವೆ ದೊಡ್ಡ ಹಳದಿ ಹೂ ಬಿಡುವ ಅರಿಶಿನ ಬೂರುಗ ನೋಡು, ಎರಡೂ ಎಲೆ ಕಳೆದುಕೊಂಡೇ ಅರಳುತ್ತವೆ. ಎಲೆಯ ಮರೆ ಇಲ್ಲದಿರುವಾಗ ಹೂವಿನ ಬಣ್ಣ ಹಕ್ಕಿಗೂ ಜೇನಿಗೂ ದೂರದಿಂದಲೇ ಕಾಣುತ್ತದೆ. ಮುತ್ತುಗದ ಮರದ ಎದುರು ಹತ್ತು ನಿಮಿಷ ಅಲ್ಲಾಡದೆ ನಿಂತುಕೋ. ಸೂರಕ್ಕಿ, ಗೊರವಂಕ, ಪಿಕಳಾರ ಎಲ್ಲವೂ ಸರದಿಯಂತೆ ಬಂದುಹೋಗುತ್ತವೆ.

ಎಲೆ ಇಲ್ಲದಾಗ ಮರ ಗುರುತಿಸುವುದು ಹೇಗೆ ಅಂತ ಕೇಳುತ್ತೀಯ. ತೊಗಟೆ ನೋಡು. ದಿಂಡಿಗದ ಮೈ ನುಣುಪು, ಬೂದಿ ಬೆರೆತ ಬಿಳುಪು. ಮತ್ತಿಯದು ಕಪ್ಪಗೆ ಚೌಕ ಚೌಕವಾಗಿ ಬಿರಿದಿರುತ್ತದೆ. ಕಕ್ಕೆಯಲ್ಲಿ ಕಳೆದ ವರ್ಷದ ಕೋಲುಕಾಯಿ ಇನ್ನೂ ಜೋತಾಡುತ್ತಿರುತ್ತದೆ. ಹೊನ್ನೆಗೆ ಗಾಯವಾಗಿದ್ದರೆ ಅಲ್ಲಿ ಕೆಂಪು ರಸ ಹೆಪ್ಪುಗಟ್ಟಿರುತ್ತದೆ. ಹೀಗೆ ಹತ್ತು ಮರದ ಮೈ ಕಲಿತರೆ ಮುಂದಿನ ಸಲ ಎಲೆ ಬಂದಾಗ ಹಳೆಯ ಪರಿಚಯದವರು ಹೊಸ ಬಟ್ಟೆ ತೊಟ್ಟು ಎದುರಾದಂತೆ ನೀನೇ ಗುರುತು ಹಿಡಿಯುತ್ತೀಯ. ಫೋನಿನಲ್ಲಿ ಫೋಟೋ ಹಿಡಿದರೆ ಹೆಸರು ಹೇಳುವ ಆ್ಯಪ್ ಇದೆಯಂತೆ, ಬಳಸು. ಆದರೆ ದಾರಿಯಲ್ಲಿ ಕುರಿ ಮೇಯಿಸುವವರು, ಸೌದೆ ಹೊತ್ತು ಬರುವ ಹೆಂಗಸರು ಸಿಕ್ಕರೆ ನಮಸ್ಕಾರ ಹೇಳಿ ಅವರನ್ನೂ ಕೇಳು. ಯಾವ ಸೊಪ್ಪು ಆಡು ತಿನ್ನುತ್ತದೆ, ಯಾವುದನ್ನು ಮೂಸಿಯೂ ನೋಡುವುದಿಲ್ಲ, ಯಾವ ಕಾಯಿ ಯಾವ ತಿಂಗಳಲ್ಲಿ ಹಣ್ಣಾಗುತ್ತದೆ, ಇವೆಲ್ಲ ಅವರ ನಾಲಗೆಯ ಮೇಲಿದೆ. ರಾತ್ರಿ ಊರಿಗೆ ಹೋದ ಮೇಲೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದು. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದು ಗಿಡ ತೋರಿಸಿದ ಮೇಷ್ಟ್ರು ಬರೆದ ಪುಸ್ತಕ, ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಪಡೆದದ್ದು. ಸಸ್ಯಶಾಸ್ತ್ರ ಇಷ್ಟು ರುಚಿಯಾಗಿ ಕನ್ನಡದಲ್ಲಿ ಸಿಗುವಾಗ ಓದದೆ ಇರುವುದು ನಷ್ಟ.

ಇಳಿಜಾರಿನ ಮರಗಳು ಕುಳ್ಳಗಾಗಿ ದೂರ ದೂರವಾದ ಕಡೆ ಕುರುಚಲು ಶುರು. ಎಲ್ಲರೂ ಬೇಗ ಬೇಗ ದಾಟಿಹೋಗುವ ಜಾಗ ಇದೇ. ಬಂದ್ರೆ ಗಿಡದ ಎಲೆಯನ್ನು ಬೆರಳಿನಿಂದ ಸವರಿ ನೋಡು, ಅಂಟಂಟು ಹೊಳಪು. ಆ ಅಂಟೇ ಬಿಸಿಲಿಗೆ ಅದರ ರಕ್ಷೆ, ಆಡು ಕುರಿ ಬಾಯಿ ಹಾಕದಿರುವುದಕ್ಕೂ ಅದೇ ಕಾರಣ. ಪಕ್ಕದಲ್ಲಿ ತಂಗಡಿ ಹಳದಿ ಹೂ ಬಿಟ್ಟಿರುತ್ತದೆ, ಇದರ ತೊಗಟೆಯಿಂದಲೇ ಹಿಂದೆ ತೊಗಲು ಹದ ಮಾಡುತ್ತಿದ್ದರು. ಕವಳಿ, ಕಾರೆ, ಬಿಕ್ಕೆ, ಎಲಚಿ ಎಲ್ಲಕ್ಕೂ ಮುಳ್ಳೋ ಅಂಟೋ ಇದ್ದೇ ಇರುತ್ತದೆ, ಎಲ್ಲವೂ ಹಕ್ಕಿಗೂ ಮಕ್ಕಳಿಗೂ ಹಣ್ಣು ಕೊಡುವಂಥವು. ಹಳದಿ ಕತ್ತಿನ ಪಿಕಳಾರ ಅಂತ ಒಂದು ಹಕ್ಕಿ ಇದೆ, ದಕ್ಷಿಣ ಭಾರತದ ಕಲ್ಲುಗುಡ್ಡಗಳ ಇಂಥ ಕುರುಚಲಿನಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ಮಳೆಕಾಡು ತೋರಿಸಿದರೂ ಅದು ಅಲ್ಲಿಗೆ ಹೋಗುವುದಿಲ್ಲ. ಅದಕ್ಕೆ ಬೇಕಾದದ್ದು ನಾವು ‘ಬರೀ ಮುಳ್ಳು, ಬರೀ ಕಲ್ಲು’ ಅನ್ನುವ ಜಾಗವೇ.

ಈ ಕುರುಚಲಿನಲ್ಲೇ ಬಣ್ಣಬಣ್ಣದ ಪುಟ್ಟ ಹೂಗೊಂಚಲಿನ ಪೊದೆ ಎಲ್ಲೆಲ್ಲೂ ಕಂಡರೆ ಮೋಸ ಹೋಗಬೇಡ. ಅದು ಲಂಟಾನ. ಅಮೆರಿಕ ಖಂಡದ ಗಿಡ, ಬ್ರಿಟಿಷರ ಕಾಲದಲ್ಲಿ ತೋಟದ ಅಂದಕ್ಕೆಂದು ತಂದದ್ದು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಅದರ ಪೊದೆಯ ಕೆಳಗೆ ಹುಲ್ಲು ಏಳುವುದಿಲ್ಲ, ಜಾಲಾರಿಯ ಮೊಳಕೆಗೆ ಬೆಳಕು ಸಿಗುವುದಿಲ್ಲ, ಬೆಂಕಿ ಬಿದ್ದರೆ ಪೊದೆಯಿಂದ ಪೊದೆಗೆ ಹಾರುತ್ತದೆ. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಇದರ ಕಡ್ಡಿಯಿಂದ ಕುರ್ಚಿ, ಬುಟ್ಟಿ ಹೆಣೆಯಲು ಕಲಿತಿದ್ದಾರೆ. ಅಂಥ ಕೆಲಸ ನಮ್ಮ ಕಡೆಗೂ ಬರಬೇಕು.

ಮೆಟ್ಟಿಲು ಹತ್ತುತ್ತ ಬಂಡೆ ಬಂತು ಅಂದುಕೋ. ಅಲ್ಲಿ ಕೂತುಬಿಡು, ಇಲ್ಲಿ ಅವಸರ ಮಾಡಿದರೆ ಏನೂ ಕಾಣುವುದಿಲ್ಲ. ಬಂಡೆಯ ಮೇಲೆ ಬೂದು, ತಿಳಿಹಸಿರು, ಕಿತ್ತಳೆ ಬಣ್ಣದ ಚಕ್ಕೆಗಳು ಅಂಟಿಕೊಂಡಿರುತ್ತವೆ. ನಾವು ಮಸಾಲೆಗೆ ಹಾಕುವ ಕಲ್ಲುಹೂವು ಈ ಬಳಗದ್ದೇ. ಶಿಲೀಂಧ್ರವೂ ಪಾಚಿಯೂ ಸೇರಿ ಒಂದೇ ಸಂಸಾರ ಮಾಡುವ ಜೀವ ಅದು. ಶಿಲೀಂಧ್ರ ಹಿಡಿತ ಕೊಡುತ್ತದೆ, ಪಾಚಿ ಬಿಸಿಲಿನಿಂದ ಅಡುಗೆ ಮಾಡುತ್ತದೆ. ಬಂಡೆಗೆ ಅಂಟಿಕೊಂಡ ಚಕ್ಕೆ ವರ್ಷಕ್ಕೆ ಬೆಳೆಯುವುದು ಮಿಲಿಮೀಟರಿನ ಲೆಕ್ಕದಲ್ಲಿ. ಅಂಗೈಯಗಲದ ಒಂದು ಚಕ್ಕೆಗೆ ನಿನಗಿಂತ ಹೆಚ್ಚು ವಯಸ್ಸಾಗಿರಬಹುದು. ಹುಡುಗ ಹುಡುಗಿ ತಮ್ಮ ಹೆಸರು ಕೆತ್ತಿ ನಡುವೆ ಬಾಣ ಎಳೆಯುವಾಗ ಹೋಗುವುದು ಇದೇ. ನಿನ್ನ ಗುಂಪಿನಲ್ಲಿ ಯಾರಾದರೂ ಕಲ್ಲು ಕೈಗೆತ್ತಿಕೊಂಡರೆ ಕೈ ಹಿಡಿ, ಸಂಕೋಚ ಮಾಡಬೇಡ.

ಬಂಡೆಯ ಸೀಳಿನಲ್ಲಿ ಮುದುರಿಕೊಂಡ ಕಂದು ಎಲೆಗಳ ಕುಚ್ಚು ಕಂಡರೆ ಅದು ಮಯೂರಶಿಖೆ ಇರಬಹುದು. ಒಂದು ಜಾತಿಯ ಜರೀಗಿಡ. ಮೈಯ ನೀರೆಲ್ಲ ಬತ್ತಿದರೂ ಸಾಯುವುದಿಲ್ಲ, ಮಳೆ ಬಿದ್ದರೆ ಮತ್ತೆ ಬಿಚ್ಚಿಕೊಂಡು ಹಸಿರಾಗುತ್ತದೆ. ಬಂಡೆಯ ಸಂದುಗಳಲ್ಲೇ ಮಾಕಳಿ ಬಳ್ಳಿಯೂ ಹಬ್ಬುವುದು. ಮಜ್ಜಿಗೆಯಲ್ಲಿ ಹಾಕಿದ ಮಾಕಳಿ ಬೇರಿನ ಉಪ್ಪಿನಕಾಯಿಯನ್ನು ನೀನು ಮೊಸರನ್ನದ ಜೊತೆ ಚಪ್ಪರಿಸುತ್ತೀಯಲ್ಲ, ಅದೇ. ದಕ್ಷಿಣ ಭಾರತದ ಗುಡ್ಡಗಳಿಗೆ ಮಾತ್ರ ಸೇರಿದ ಬಳ್ಳಿ. ಬೇಕಾದದ್ದು ಬೇರು, ಬೇರು ಅಗೆದರೆ ಬಳ್ಳಿಯೇ ಹೋಯಿತು. ಸಂತೆಗೆ, ಔಷಧಿಗೆ ಅಂತ ಅಗೆದು ಅಗೆದು ಅದು ಅಳಿವಿನ ಅಂಚಿಗೆ ಬಂದಿದೆ. ಆದ್ದರಿಂದ ಒಂದು ಮಾತು ಖಡಾಖಂಡಿತ ಹೇಳುತ್ತೇನೆ. ಮಾಕಳಿ ಆಗಲಿ, ಶ್ರೀಗಂಧ ಆಗಲಿ ಕಂಡರೆ ಫೋಟೋಗೆ ಜಾಗದ ಗುರುತು ಹಾಕಿ ಊರಿಗೆಲ್ಲ ಹಂಚಬೇಡ. ನೀನು ಮೆಚ್ಚಿ ಹಾಕಿದ್ದು ಗುದ್ದಲಿ ಹಿಡಿದವನಿಗೆ ದಾರಿ ತೋರಿಸುತ್ತದೆ.

ಇಷ್ಟು ನೋಡಿದ ಮೇಲೆ ನಿಮ್ಮಂಥ ಒಳ್ಳೆಯ ಮಕ್ಕಳಿಗೆ ಏನಾದರೂ ಮಾಡಬೇಕು ಅನ್ನಿಸುತ್ತದೆ. ಬೀಜದುಂಡೆ ಕಟ್ಟಿ ತಂದು ಗುಡ್ಡದ ಮೇಲೆ ಎಸೆಯುವುದು ಈಗ ಎಲ್ಲ ಕಡೆ ನಡೆಯುತ್ತಿದೆ. ಮನಸ್ಸು ಒಳ್ಳೆಯದು, ಕೆಲಸ ಒಳ್ಳೆಯದಲ್ಲ. ಬೇರೆ ಊರಿನ ಬೀಜ, ತೋಟದ ಬೀಜ, ಹೆಸರು ಗೊತ್ತಿಲ್ಲದ ಬೀಜ ಇಲ್ಲಿ ಬೇಡ. ಹುಲ್ಲಿರಬೇಕಾದ ಜಾಗದಲ್ಲಿ ಮರ ಬೇಡ. ನಮ್ಮ ಜಿಲ್ಲೆಯ ಎಷ್ಟೋ ಹುಲ್ಲುಗುಡ್ಡಗಳಿಗೆ, ಗೋಮಾಳಗಳಿಗೆ ‘ಹಸಿರು ಮಾಡುತ್ತೇವೆ’ ಅಂತ ನೀಲಗಿರಿ ನೆಟ್ಟರು. ಹಸಿರೇನೋ ಆಯಿತು, ದನಕ್ಕೆ ಮೇವು ಹೋಯಿತು, ಹುಲ್ಲಿನ ಹಕ್ಕಿ ಹೋಯಿತು. ಕೊನೆಗೆ ಅಂತರ್ಜಲದ ಚಿಂತೆಯಲ್ಲಿ 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಬೇಕಾಯಿತು. ಜಾಲಾರಿಗೆ ತಾನು ಎಲ್ಲಿ ಬೆಳೆಯಬೇಕು ಅಂತ ನಾವು ಹೇಳಿಕೊಡಬೇಕಾಗಿಲ್ಲ. ನೆಲ ಸುಡದೆ, ಅಗೆಯದೆ, ಲಂಟಾನ ಮುತ್ತದೆ ಉಳಿದರೆ ಅದು ತಾನೇ ಬರುತ್ತದೆ. ಕೈ ಸುಮ್ಮನಿರದಿದ್ದರೆ ಅರಣ್ಯ ಇಲಾಖೆಯವರನ್ನು ಕೇಳಿ, ಅವರು ತೋರಿಸಿದ ಕಡೆ ಲಂಟಾನದ ಎಳೆ ಸಸಿಗಳನ್ನು ಬೇರುಸಮೇತ ಕೀಳಲು ಒಂದು ದಿನ ಕೊಡಿ. ಫೋಟೋಗೆ ಚೆನ್ನಾಗಿ ಬರುವ ಕೆಲಸ ಅಲ್ಲ, ಕಾಡಿಗೆ ಬೇಕಾದ ಕೆಲಸ.

ಕೋತಿಗಳಿಗೆ ಬಿಸ್ಕತ್ತು, ಚಿಪ್ಸ್ ಏನೂ ಕೊಡಬೇಡಿ. ಕಾಡಿನ ಹಣ್ಣು ತಿಂದು ಬೀಜ ಹರಡಬೇಕಾದ ಪ್ರಾಣಿ ರಸ್ತೆಯಲ್ಲಿ ಕೂತು ಕೈ ಚಾಚುವುದನ್ನು ಕಲಿತಿದೆ, ಮರಿಗಳು ಗಾಡಿಗೆ ಸಿಕ್ಕಿ ಸಾಯುತ್ತವೆ. ತಿಂಡಿಯನ್ನು ಚೀಲದೊಳಗಿಟ್ಟು ಬಾಯಿ ಕಟ್ಟಿ, ತಂದದ್ದೆಲ್ಲ ವಾಪಸು ಒಯ್ಯಿರಿ.

ಎಲ್ಲಕ್ಕಿಂತ ದೊಡ್ಡ ಭಯ ಬೆಂಕಿಯದು. ಈ ತಿಂಗಳಲ್ಲಿ ತರಗೆಲೆ ಹಪ್ಪಳದಂತಾಗಿರುತ್ತದೆ. ಒಂದು ಬೀಡಿಯ ತುಂಡು ಸಾಕು. ಕೆಲವರು ಹೊಸ ಹುಲ್ಲು ಬೇಗ ಬರಲಿ ಅಂತ ಬೇಕೆಂದೇ ಹಚ್ಚುವುದೂ ಉಂಟು. ದೊಡ್ಡ ಮರಗಳು ಸುಟ್ಟ ತೊಗಟೆಯಲ್ಲೇ ಹೇಗೋ ತಾಳಿಕೊಳ್ಳುತ್ತವೆ. ಹೋಗುವುದು ಮೊಣಕಾಲೆತ್ತರದ ಸಸಿಗಳು, ನೆಲದಲ್ಲಿ ಗೂಡು ಕಟ್ಟಿದ ಹಕ್ಕಿಯ ಮೊಟ್ಟೆಗಳು, ಆಮೆ, ಹಾವು, ಮೊಲದ ಮರಿ. ವರ್ಷ ವರ್ಷವೂ ಸುಟ್ಟರೆ ಮರಗಳಿಗೆ ಮುಂದಿನ ತಲೆಮಾರು ಇರುವುದಿಲ್ಲ. ಚಿಲುಮೆಗೆ ನೀರಿಳಿಸುವ ತರಗೆಲೆಯ ಹಾಸೂ ಉಳಿಯುವುದಿಲ್ಲ. ಗುಂಪಿನಲ್ಲಿ ಸೇದುವವರಿದ್ದರೆ ಬೆಂಕಿಪೊಟ್ಟಣ ಗಾಡಿಯಲ್ಲೇ ಇರಲಿ ಅಂತ ಹೊರಡುವ ಮೊದಲೇ ಹೇಳು. ಹೊಗೆ ಕಂಡರೆ ನೀವೇ ಆರಿಸಲು ನುಗ್ಗಬೇಡಿ, ಗಾಳಿ ಯಾವ ಕಡೆ ತಿರುಗುತ್ತದೆ ಹೇಳಲಾಗದು. 112ಕ್ಕೆ ಫೋನ್ ಮಾಡಿ, ಹತ್ತಿರದ ಅರಣ್ಯ ಸಿಬ್ಬಂದಿಗೆ ತಿಳಿಸಿ, ರಸ್ತೆಗೆ ಇಳಿಯಿರಿ.

ಮತ್ತೆ ಯಾವಾಗ ಹೋಗಬೇಕು ಅಂದರೆ, ಮುಂಗಾರಿನ ಮೊದಲ ಹದ ಮಳೆ ಆದ ವಾರ. ಬಂಡೆಯ ಕುಳಿಗಳಲ್ಲಿ ನೀರು ನಿಂತು, ನೀನು ಕಂಡ ಕಂದು ಕುಚ್ಚುಗಳೆಲ್ಲ ಬಿಚ್ಚಿಕೊಂಡಿರುತ್ತವೆ. ಆಮೇಲೆ ದಸರಾ ದಾಟಿದ ಮೇಲೆ ಇನ್ನೊಮ್ಮೆ, ಹುಲ್ಲು ಎದೆಯೆತ್ತರ ಬಂದು ತೆನೆ ಹಿಡಿದಾಗ. ಹುಲ್ಲಿನ ಬೀಜ ನಿನ್ನ ಪ್ಯಾಂಟಿಗೆ ಚುಚ್ಚಿಕೊಂಡರೆ ಬೈಯಬೇಡ, ಒಂದನ್ನು ಕಿತ್ತು ಅಂಗೈಯಲ್ಲಿಟ್ಟು ಎರಡು ಹನಿ ನೀರು ಬಿಡು. ಕೆಲವು ಜಾತಿಯ ಬೀಜದ ಬಾಲ ತೇವ ತಾಗಿದೊಡನೆ ತಿರುಗತೊಡಗುತ್ತದೆ. ಹಾಗೆ ತಿರುಗಿ ತಿರುಗಿಯೇ ಅದು ಮಣ್ಣಿನೊಳಗೆ ಇಳಿಯುವುದು.

ಈ ಸಲವೇ ರಸ್ತೆ ಬದಿಯ ಒಂದು ಮರ ಆರಿಸಿಕೊಂಡು ಬಾ, ಪ್ರತಿ ಸಲ ಅದೇ ಮರದ ಎದುರು ನಿಂತು ತಾರೀಖಿನ ಜೊತೆ ನಾಲ್ಕು ಸಾಲು ಬರೆದಿಡು. ಕೆಂಪು ಬೂರುಗ ಆರಿಸಿಕೊಂಡರೆ ಸುಲಭ, ಎಳೆ ಮರದ ಮೈಮೇಲಿನ ಮುಳ್ಳಿನಿಂದ ಯಾವ ಕಾಲದಲ್ಲೂ ಗುರುತು ಸಿಗುತ್ತದೆ. ಜಾಲಾರಿ ಆದರೆ ಕಾಯಿಗೆ ರೆಕ್ಕೆ ಬಂದದ್ದನ್ನು ನೋಡಲು ಮೇ ತಿಂಗಳಲ್ಲೂ ಒಂದು ಸಲ ಹತ್ತಬೇಕಾಗುತ್ತದೆ, ಆಗ ಬಿಸಿಲು ಜೋರು, ಇಬ್ಬರಿಗೆ ಮೂರು ಬಾಟಲಿ ನೀರು ಇಟ್ಟುಕೊಳ್ಳಿ.